ಜಿಪಿಎ ನಿಮ್ಮ ಹೆಸರಿಗೆ ಬಂದಿದೆಯಾ? ಒಪ್ಪಿಕೊಳ್ಳುವ ದಿನದಿಂದ ಲೆಕ್ಕ ಒಪ್ಪಿಸುವ ದಿನದವರೆಗೆ

“ಅಣ್ಣ ಅಮೆರಿಕದಲ್ಲಿದ್ದಾನೆ. ಸೈಟು ನೋಡಿಕೊಳ್ಳೋಕೆ ನನಗೆ ಜಿಪಿಎ ಕೊಟ್ಟಿದ್ದಾನೆ. ಅದನ್ನ ಮಾರಬಹುದಾ?” “ಅಮ್ಮನ ಪರವಾಗಿ ಬ್ಯಾಂಕ್ ಕೆಲಸ ನಾನೇ ಮಾಡ್ತೀನಿ. ಈಗೀಗ ಅವರಿಗೆ ಏನೂ ನೆನಪಿರಲ್ಲ. ಹಳೇ ಪತ್ರ ನಡೆಯುತ್ತಾ?” “ಅಪ್ಪನ ಜಿಪಿಎ ಚಿಕ್ಕಪ್ಪನ ಹತ್ತಿರ ಇದೆ. ಹತ್ತು ವರ್ಷದಿಂದ ಬಾಡಿಗೆ ಲೆಕ್ಕ ಕೊಟ್ಟಿಲ್ಲ. ಕೇಳಬಹುದಾ?”

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಪತ್ರ ಕೈಯಲ್ಲಿರುವವರು ಹೆಚ್ಚಾಗಿ ‘ನಾನು ಏನು ಮಾಡಬಹುದು’ ಅಂತ ಕೇಳುತ್ತಾರೆ. ‘ನಾನು ಏನು ಮಾಡಲೇಬೇಕು’ ಅಂತ ಕೇಳುವವರು ಕಡಿಮೆ. ಜಗಳ ಶುರುವಾಗುವುದು ಈ ಎರಡನೇ ಪ್ರಶ್ನೆ ಕೇಳದೇ ಇದ್ದಾಗ. ಅದಕ್ಕೇ ಈ ಲೇಖನವನ್ನು ಪತ್ರ ಪಡೆದವರಿಗಾಗಿ ಬರೆಯುತ್ತಿದ್ದೇನೆ. ಪತ್ರ ಕೊಟ್ಟವರೂ ಓದಿ, ನೀವು ಏನೇನು ಕೇಳಬಹುದು ಅನ್ನೋದು ಗೊತ್ತಾಗುತ್ತದೆ.

ಮೊದಲು ನಾಲ್ಕು ಪದ ತಿಳಿದುಕೊಳ್ಳೋಣ. ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ. ‘ನನ್ನ ಪರವಾಗಿ ಇಂಥಿಂಥ ಕೆಲಸಗಳನ್ನು ಇವರು ಮಾಡಬಹುದು’ ಎಂದು ಬರೆದುಕೊಡುವ ಪತ್ರ. ಹಳಬರು ಇದನ್ನು ಮುಖ್ತಿಯಾರ್‌ನಾಮೆ ಅನ್ನುತ್ತಿದ್ದರು. ಒಂದೇ ಒಂದು ಕೆಲಸಕ್ಕೆ ಮಾತ್ರ ಕೊಟ್ಟರೆ, ಉದಾಹರಣೆಗೆ ಒಂದು ಕ್ರಯಪತ್ರಕ್ಕೆ ಸಹಿ ಹಾಕಲು, ಅದು ಎಸ್‌ಪಿಎ, ಅಂದರೆ ಸ್ಪೆಷಲ್ ಪವರ್ ಆಫ್ ಅಟಾರ್ನಿ. ಪತ್ರ ಕೊಟ್ಟವರನ್ನು ಕಾನೂನು ಪ್ರಿನ್ಸಿಪಾಲ್ ಅನ್ನುತ್ತದೆ, ಪಡೆದವರನ್ನು ಏಜೆಂಟ್ ಅನ್ನುತ್ತದೆ. ನಾನು ಇಲ್ಲಿ ‘ಕೊಟ್ಟವರು’, ‘ಪಡೆದವರು’ ಎಂದೇ ಬರೆಯುತ್ತೇನೆ.

ಪಡೆದವರ ಕರ್ತವ್ಯಗಳು ಮುಖ್ಯವಾಗಿ 1872ರ ಭಾರತೀಯ ಕರಾರು ಕಾಯ್ದೆಯಲ್ಲಿವೆ, 182ನೇ ಸೆಕ್ಷನ್‌ನಿಂದ 238ರವರೆಗೆ. ಪತ್ರದ ಬಗ್ಗೆಯೇ 1882ರ ಒಂದು ಪುಟ್ಟ ಕಾಯ್ದೆ ಇದೆ. ಮನೆ, ಜಮೀನಿನ ವಿಷಯವಾದರೆ 1908ರ ನೋಂದಣಿ ಕಾಯ್ದೆಯೂ ಸೇರಿಕೊಳ್ಳುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಪತ್ರದ ಮೂಲ ಪ್ರತಿ ಮತ್ತು ಎರಡು ಜೆರಾಕ್ಸ್. ಒಂದು ಫೈಲು. ಒಂದು ರೂಲ್ಡ್ ನೋಟ್‌ಬುಕ್. ಬೇರೆಯದೇ ಆದ ಒಂದು ಬ್ಯಾಂಕ್ ಖಾತೆ. ಕೊಟ್ಟವರ ಜೊತೆ ಬರಹದಲ್ಲಿ ಮಾತಾಡುವ ಒಂದು ದಾರಿ: ಇಮೇಲ್ ಆಗಲಿ, ವಾಟ್ಸಾಪ್ ಆಗಲಿ, ಆದರೆ ಯಾವಾಗಲೂ ಅದೊಂದೇ ಇರಲಿ. ಇಷ್ಟಿದ್ದರೆ ಮುಂದೆ ಬರುವ ಅರ್ಧ ತೊಂದರೆ ತಪ್ಪುತ್ತದೆ.

1. ಒಪ್ಪಿಕೊಳ್ಳುವ ಮುಂಚೆ ಯೋಚಿಸಿ

‘ಸುಮ್ನೆ ಹೆಸರಿಗೆ ಇರಲಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾನೂನಿನಲ್ಲಿ ಸುಮ್ನೆ ಹೆಸರಿಗೆ ಅನ್ನೋದು ಇಲ್ಲ. ‘ನಾನು ಒಂದು ರೂಪಾಯಿನೂ ತಗೊಂಡಿಲ್ಲ, ಪುಕ್ಕಟೆ ಮಾಡಿದ್ದು’ ಅಂದರೂ ಜವಾಬ್ದಾರಿ ತಪ್ಪುವುದಿಲ್ಲ. ಏಜೆನ್ಸಿ ಹುಟ್ಟಲು ಪ್ರತಿಫಲ ಬೇಕಿಲ್ಲ ಎಂದು 185ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ತಮ್ಮನಿಗೆ, ಅತ್ತಿಗೆಗೆ, ಸ್ನೇಹಿತನಿಗೆ ಪ್ರೀತಿಯಿಂದ ಮಾಡಿದ ಕೆಲಸಕ್ಕೂ ಲೆಕ್ಕ ಕೊಡಲೇಬೇಕು.

ಸಮಯ ಇಲ್ಲ, ಆ ಊರಿಗೆ ಹೋಗಿಬರಲು ಆಗಲ್ಲ, ಆ ಆಸ್ತಿಯ ಮೇಲೆ ನಿಮಗೂ ಒಂದು ಕಣ್ಣಿದೆ. ಈ ಮೂರರಲ್ಲಿ ಒಂದು ನಿಜವಾದರೂ ಈಗಲೇ ಹೇಳಿಬಿಡಿ. ಆರು ತಿಂಗಳ ನಂತರ ಹೇಳುವುದಕ್ಕಿಂತ ಇದು ಎಷ್ಟೋ ಸುಲಭ.

2. ಪತ್ರವನ್ನು ಅಕ್ಷರ ಅಕ್ಷರ ಓದಿ

ತುಂಬ ಜನ ಪತ್ರ ಓದಿರುವುದೇ ಇಲ್ಲ. ‘ಜನರಲ್’ ಅಂತ ಇದೆ, ಹಾಗಾಗಿ ಎಲ್ಲಾ ಮಾಡಬಹುದು ಎಂದುಕೊಳ್ಳುತ್ತಾರೆ. ಕೋರ್ಟುಗಳು ಈ ಪತ್ರಗಳನ್ನು ಬಿಗಿಯಾಗಿ ಓದುತ್ತವೆ. ಬರೆದಿದ್ದು ಇದೆ, ಬರೆಯದ್ದು ಇಲ್ಲ.

2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನೋಡಿ. ಕೇರಳದ್ದು. 1971ರಲ್ಲಿ ಒಬ್ಬ ಸಹೋದರಿ ಇನ್ನೊಬ್ಬ ಸಹೋದರಿಗೆ ಜಿಪಿಎ ಕೊಟ್ಟಿದ್ದರು. ಪಡೆದವರು ಆ ಪತ್ರದ ಮೇಲೆ ಆಸ್ತಿ ಮಾರಿದರು. ಪತ್ರದಲ್ಲಿ ಬೇರೆ ಬೇರೆ ಅಧಿಕಾರಗಳಿದ್ದವು, ಮಾರುವ ಅಧಿಕಾರ ಮಾತ್ರ ಸ್ಪಷ್ಟವಾಗಿ ಇರಲಿಲ್ಲ. ಉಳಿದ ಅಧಿಕಾರಗಳನ್ನು ಹಿಡಿದುಕೊಂಡು ಮಾರುವ ಅಧಿಕಾರವೂ ಇದೆ ಎಂದು ಊಹಿಸಲು ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. ಪತ್ರ ಬರೆದು ಐವತ್ತು ವರ್ಷ ಆದ ಮೇಲೆ ಬಂದ ತೀರ್ಪು ಇದು.

ಹಾಗಾಗಿ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಪ್ರತಿ ಕಲಂ ಪಕ್ಕ ಗುರುತು ಹಾಕಿ. ಬಾಡಿಗೆಗೆ ಕೊಡಬಹುದಾ? ಅಡ್ವಾನ್ಸ್ ತೆಗೆದುಕೊಳ್ಳಬಹುದಾ? ಬ್ಯಾಂಕಿನಲ್ಲಿ ಅಡ ಇಡಬಹುದಾ? ಮಾರಬಹುದಾ? ಮಾರಿದ ಹಣ ಪಡೆದು ರಸೀದಿ ಕೊಡಬಹುದಾ? ಕೇಸ್ ಹಾಕಬಹುದಾ? ಉತ್ತರ ಪತ್ರದಲ್ಲಿ ಸಿಗದಿದ್ದರೆ ಆ ಅಧಿಕಾರ ಇಲ್ಲ ಎಂದೇ ಹೊರಡಿ. ಬೇಕಾದರೆ ಕೊಟ್ಟವರಿಂದ ಹೊಸ ಪತ್ರ ಬರೆಸಿಕೊಳ್ಳಿ. ಮುಖ್ಯ ಕೆಲಸದ ಜೊತೆಗೆ ಸಹಜವಾಗಿ ಬರುವ ಸಣ್ಣ ಪುಟ್ಟ ಕೆಲಸಗಳಿಗೆ ಮಾತ್ರ 188ನೇ ಸೆಕ್ಷನ್ ಜಾಗ ಕೊಡುತ್ತದೆ. ಬಾಡಿಗೆ ವಸೂಲಿ ಮಾಡುವವರು ಬಾಡಿಗೆ ರಸೀದಿ ಕೊಡಬಹುದು, ಅಷ್ಟೇ.

ಇನ್ನೊಂದು ವಿಷಯ. ಹೊರದೇಶದಲ್ಲಿ ಬರೆದ ಪತ್ರವನ್ನು ಭಾರತದ ರಾಯಭಾರ ಕಚೇರಿಯಲ್ಲೋ ಅಲ್ಲಿನ ನೋಟರಿ ಮುಂದೆಯೋ ಮಾಡಿಸಿರುತ್ತಾರೆ. ಅದು ಭಾರತಕ್ಕೆ ಬಂದ ಮೇಲೆ 3 ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಕವರ್ ಬಂದ ದಿನವನ್ನು ಕವರಿನ ಮೇಲೆಯೇ ಬರೆದು ಫೈಲಿಗೆ ಸೇರಿಸಿ. ಕವರ್ ಬಿಸಾಡಬೇಡಿ.

3. ಸೂಚನೆಗಳನ್ನು ಬರಹದಲ್ಲಿ ಪಡೆಯಿರಿ

ಪತ್ರದಲ್ಲಿ ಅಧಿಕಾರ ಇರುತ್ತದೆ. ಅದನ್ನು ಹೇಗೆ ಬಳಸಬೇಕು ಎಂದು ಕೊಟ್ಟವರು ಹೇಳಬೇಕು. ಕೊಟ್ಟವರ ಸೂಚನೆಯಂತೆ ನಡೆಯಬೇಕು, ಸೂಚನೆ ಇಲ್ಲದಿದ್ದರೆ ಆ ಥರದ ಕೆಲಸದಲ್ಲಿ ಆ ಜಾಗದಲ್ಲಿ ನಡೆದುಬಂದ ರೂಢಿಯಂತೆ ನಡೆಯಬೇಕು ಎನ್ನುತ್ತದೆ 211ನೇ ಸೆಕ್ಷನ್. ಬೇರೆ ಥರ ಮಾಡಿ ನಷ್ಟವಾದರೆ ನೀವೇ ತುಂಬಿಕೊಡಬೇಕು. ಬೇರೆ ಥರ ಮಾಡಿ ಲಾಭವಾದರೆ? ಆ ಲಾಭವೂ ಕೊಟ್ಟವರದ್ದೇ.

‘ಒಳ್ಳೆ ಮನಸ್ಸಿನಿಂದ ಮಾಡಿದೆ’ ಎಂಬ ಮಾತು ಇಲ್ಲಿ ಸಾಲದು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ಸಾಲಕ್ಕೆ ಮಾರುವ ರೂಢಿ ಇಲ್ಲದ ವ್ಯಾಪಾರ. ಅಲ್ಲಿ ದಲ್ಲಾಳಿ ಒಬ್ಬರಿಗೆ ಸಾಲಕ್ಕೆ ಸರಕು ಕೊಡುತ್ತಾನೆ. ಆಗ ಆ ಗಿರಾಕಿಗೆ ಪೇಟೆಯಲ್ಲಿ ತುಂಬ ಒಳ್ಳೆಯ ಹೆಸರಿತ್ತು. ಹಣ ಕೊಡುವ ಮುಂಚೆ ಆತ ದಿವಾಳಿಯಾಗುತ್ತಾನೆ. ನಷ್ಟ ದಲ್ಲಾಳಿಯ ತಲೆಗೇ ಬರುತ್ತದೆ.

ಫೋನಿನಲ್ಲಿ ಮಾತಾಡಿದ ಮೇಲೆ ಎರಡು ಸಾಲು ಮೆಸೇಜ್ ಕಳಿಸಿ: ‘ಈಗ ಮಾತಾಡಿದಂತೆ, ಮೇಲಿನ ಮನೆ ತಿಂಗಳಿಗೆ 14,000ಕ್ಕೆ, 11 ತಿಂಗಳ ಕರಾರಿಗೆ ಕೊಡುತ್ತಿದ್ದೇನೆ. ಸರಿ ಇದ್ದರೆ ಹೂಂ ಅನ್ನಿ.’ ಆ ‘ಹೂಂ’ ನಿಮ್ಮ ರಕ್ಷಣೆ.

4. ಹಣ ಬೇರೆ, ನೋಟ್‌ಬುಕ್ ಬೇರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಕಳ್ಳತನದಿಂದ ಹುಟ್ಟಿದವಲ್ಲ. ಎರಡು ಮನೆಯ ಹಣ ಒಂದೇ ಖಾತೆಯಲ್ಲಿ ಬೆರೆತುಹೋಗಿ ಹುಟ್ಟಿದವು.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ತಮ್ಮ ಹನ್ನೊಂದು ವರ್ಷ ಅಣ್ಣನ ಮನೆಯ ಬಾಡಿಗೆ ನೋಡಿಕೊಂಡರು. ಬಾಡಿಗೆ ಬರುತ್ತಿದ್ದದ್ದು ತಮ್ಮನ ಸಂಬಳದ ಖಾತೆಗೆ. ಪೇಂಟು, ಕಂದಾಯ, ಮೋಟರ್ ರಿಪೇರಿ ಎಲ್ಲವನ್ನೂ ಕೈಯಿಂದ ಮಾಡಿಸಿದ್ದರು. ರಸೀದಿ ಇಟ್ಟಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಮಕ್ಕಳು ಲೆಕ್ಕ ಕೇಳಿದರು. ಆ ಪಾಸ್‌ಬುಕ್‌ಗಳನ್ನು ಹರಡಿಕೊಂಡು ಅವರ ಜೊತೆ ನಾನೂ ಕೂತಿದ್ದೆ. ಯಾವ ಸಾಲು ಸಂಬಳ, ಯಾವುದು ಬಾಡಿಗೆ, ಯಾವುದು ಮಗಳ ಫೀಸು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದರು. ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಕೆಳಗಿಟ್ಟರು. ಒಂದು ರೂಪಾಯಿ ತಿಂದವರಲ್ಲ. ಆದರೆ ತೋರಿಸಲು ಏನೂ ಇರಲಿಲ್ಲ. ಕೊನೆಗೆ ಕೈಯಿಂದ ಹಣ ಕೊಟ್ಟು ಮುಗಿಸಿಕೊಂಡರು. ಆ ಮಕ್ಕಳು ಇವತ್ತಿಗೂ ಮನೆಗೆ ಬರುವುದಿಲ್ಲ.

ಕೊಟ್ಟವರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು ಎನ್ನುವುದು 213ನೇ ಸೆಕ್ಷನ್. ಅವರ ಪರವಾಗಿ ಬಂದ ಹಣವನ್ನೆಲ್ಲ ಅವರಿಗೆ ಸೇರಿಸಬೇಕು ಎನ್ನುವುದು 218. ನೀವು ಕೈಯಿಂದ ಹಾಕಿದ ಖರ್ಚು, ಅದಕ್ಕೆಂದು ಮುಂಗಡವಾಗಿ ಕೊಟ್ಟ ಹಣ, ನಿಮಗೆ ಸಲ್ಲಬೇಕಾದ ಸಂಭಾವನೆ, ಇವನ್ನು ಅದರಲ್ಲಿ ಹಿಡಿದುಕೊಳ್ಳಲು 217ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಎಷ್ಟು ಹಿಡಿದುಕೊಂಡಿರಿ, ಯಾಕೆ ಎಂದು ತೋರಿಸಬೇಕಲ್ವಾ? ಅದಕ್ಕೆ ನೋಟ್‌ಬುಕ್ ಬೇಕು.

ನೋಟ್‌ಬುಕ್ಕಿನ ಒಂದು ಪುಟ ಹೀಗಿದ್ದರೆ ಸಾಕು:

ಜೂನ್ 5. ಬಾಡಿಗೆ ಬಂತು. 14,000. ಖಾತೆಗೆ.
ಜೂನ್ 9. ಸಂಪಿನ ಮೋಟರ್ ರಿಪೇರಿ. 2,350. ರಸೀದಿ 17.
ಜೂನ್ 12. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬರುವ ಬಸ್ ಚಾರ್ಜು. 180. ಟಿಕೆಟ್ 18.
ಜೂನ್ 30. ಅಣ್ಣನ ಖಾತೆಗೆ ಕಳಿಸಿದ್ದು. 11,470. ಬಾಕಿ ಇಲ್ಲ.

ರಸೀದಿಯ ಮೂಲೆಯಲ್ಲಿ ಅದೇ ನಂಬರ್ ಬರೆದು ಫೈಲಿಗೆ ಹಾಕಿ. ಥರ್ಮಲ್ ಪೇಪರಿನ ಬಿಲ್ಲುಗಳ ಅಕ್ಷರ ಬೇಗ ಮಾಸಿಹೋಗುತ್ತದೆ, ಅವನ್ನು ಜೆರಾಕ್ಸ್ ಮಾಡಿಸಿ ಅಥವಾ ಫೋಟೋ ತೆಗೆದಿಡಿ. ತಿಂಗಳ ಕೊನೆಗೆ ಆ ಪುಟದ ಫೋಟೋವನ್ನು ಕೊಟ್ಟವರಿಗೆ ಕಳಿಸಿ. ಅವರು ಕೇಳದಿದ್ದರೂ ಕಳಿಸಿ. ‘ನಂಬಿಕೆ ಇದೆ, ಕಳಿಸಬೇಡ’ ಅಂದರೂ ಕಳಿಸಿ. ಅವರ ನಂತರ ಅವರ ಮಕ್ಕಳಿಗೆ ಅದೇ ನಂಬಿಕೆ ಇರಬೇಕಿಲ್ಲ.

ಖಾತೆಯ ವಿಷಯದಲ್ಲಿ ಎಚ್ಚರ: ಕೊಟ್ಟವರು ಹೊರದೇಶದಲ್ಲಿ ನೆಲೆಸಿದ್ದರೆ ಬಾಡಿಗೆ ಅವರ ಎನ್‌ಆರ್‌ಒ ಖಾತೆಗೇ ಹೋಗಲಿ. ಎನ್‌ಆರ್‌ಒ ಅಂದರೆ ಅನಿವಾಸಿ ಭಾರತೀಯರು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ. ‘ಸದ್ಯಕ್ಕೆ ನಿನ್ನ ಖಾತೆಯಲ್ಲಿರಲಿ’ ಅಂದರೆ ಒಪ್ಪಬೇಡಿ. ನಿಮ್ಮ ಖಾತೆಗೆ ಬಂದ ಹಣಕ್ಕೆ ತೆರಿಗೆಯವರು ಮೊದಲು ಕೇಳುವುದು ನಿಮ್ಮನ್ನೇ.

5. ನಿಮಗೂ ಅದರಲ್ಲಿ ಆಸೆ ಇದ್ದರೆ, ಮುಚ್ಚಿಡಬೇಡಿ

ಒಬ್ಬರ ನಂಬಿಕೆಯ ಜಾಗದಲ್ಲಿ ಕೂತು ತನ್ನ ಲಾಭ ಮಾಡಿಕೊಳ್ಳುವಂತಿಲ್ಲ. ಇಡೀ ಕಾನೂನಿನ ಬೇರು ಇದೇ. ಕರಾರು ಕಾಯ್ದೆ ಇದನ್ನು ಎರಡು ಸೆಕ್ಷನ್‌ಗಳಲ್ಲಿ ಹೇಳುತ್ತದೆ, ಜೊತೆಗೆ ಉದಾಹರಣೆಗಳನ್ನೂ ಕೊಡುತ್ತದೆ. ನೂರೈವತ್ತು ವರ್ಷ ಹಳೆಯ ಉದಾಹರಣೆಗಳು, ಆದರೆ ಈಗಲೂ ನಡೆಯುವಂಥವೇ.

215ನೇ ಸೆಕ್ಷನ್: ಆಸ್ತಿ ಮಾರಿಕೊಡು ಎಂದು ಹೇಳಿಸಿಕೊಂಡವನು ಅದನ್ನು ಬೇರೆಯವರ ಹೆಸರಿನಲ್ಲಿ ತಾನೇ ಕೊಳ್ಳುತ್ತಾನೆ. ಮುಖ್ಯ ವಿಷಯವನ್ನು ಮೋಸದಿಂದ ಮುಚ್ಚಿಟ್ಟಿದ್ದರೆ, ಅಥವಾ ಆ ವ್ಯವಹಾರದಿಂದ ಮಾಲೀಕನಿಗೆ ನಷ್ಟವಾಗಿದ್ದರೆ, ಮಾಲೀಕ ಅದನ್ನು ತಳ್ಳಿಹಾಕಬಹುದು. ಎರಡನೇ ಉದಾಹರಣೆ ಇನ್ನೂ ಸೂಕ್ಷ್ಮ. ಮಾರಲು ಹೋದವನಿಗೆ ಆ ಜಮೀನಿನಲ್ಲಿ ಗಣಿ ಇರುವುದು ಗೊತ್ತಾಗುತ್ತದೆ. ‘ನಾನೇ ಕೊಂಡುಕೊಳ್ಳಲಾ’ ಎಂದು ಮಾಲೀಕನನ್ನು ಕೇಳುತ್ತಾನೆ, ಗಣಿಯ ವಿಷಯ ಹೇಳುವುದಿಲ್ಲ. ಮಾಲೀಕ ಒಪ್ಪಿ ಮಾರುತ್ತಾನೆ. ಗಣಿ ವಿಷಯ ಆಮೇಲೆ ತಿಳಿದರೆ, ಮಾರಾಟ ಉಳಿಸಿಕೊಳ್ಳುವುದೋ ಬಿಡುವುದೋ ಮಾಲೀಕನಿಗೆ ಬಿಟ್ಟದ್ದು. ಇಲ್ಲಿ ಅನುಮತಿ ಕೇಳಿದ್ದ, ಆದರೂ ಉಳಿಯಲಿಲ್ಲ. ಯಾಕೆಂದರೆ ಪೂರ್ತಿ ವಿಷಯ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಇವತ್ತು ಗಣಿಯ ಬದಲು ‘ಇಲ್ಲಿ ರಿಂಗ್ ರೋಡ್ ಬರುತ್ತೆ’ ಎಂಬ ಸುದ್ದಿ ಇರಬಹುದು, ಅಷ್ಟೇ ವ್ಯತ್ಯಾಸ.

216ನೇ ಸೆಕ್ಷನ್: ಒಂದು ಮನೆ ಕೊಡಿಸು ಎಂದು ಹೇಳಿದರೆ, ‘ಅದು ಸಿಗಲ್ಲ’ ಎಂದು ಸುಳ್ಳು ಹೇಳಿ ತಾನೇ ಕೊಂಡುಕೊಂಡ. ಗೊತ್ತಾದ ಮೇಲೆ, ಆತ ಕೊಟ್ಟ ಬೆಲೆಗೇ ಆ ಮನೆಯನ್ನು ತನಗೆ ಮಾರುವಂತೆ ಮಾಲೀಕ ಒತ್ತಾಯ ಮಾಡಬಹುದು.

1882ರ ಭಾರತೀಯ ನ್ಯಾಸ ಕಾಯ್ದೆಯ 88ನೇ ಸೆಕ್ಷನ್ ಇನ್ನೂ ವಿಶಾಲ. ಟ್ರಸ್ಟಿ, ಪಾಲುದಾರ, ಏಜೆಂಟ್, ಕಂಪನಿಯ ನಿರ್ದೇಶಕ, ವಕೀಲ, ಹೀಗೆ ಇನ್ನೊಬ್ಬರ ಹಿತ ಕಾಯಬೇಕಾದ ಯಾರೇ ಆಗಲಿ, ಆ ಸ್ಥಾನ ಬಳಸಿ ಹಣದ ಲಾಭ ಮಾಡಿಕೊಂಡರೆ ಆ ಲಾಭ ಅವರದ್ದಲ್ಲ, ನಂಬಿದವರದ್ದು.

ಜನ ಹೆಚ್ಚಾಗಿ ಎಡವುವುದು ಬ್ರೋಕರ್ ಕಮಿಷನ್‌ನಲ್ಲಿ. ‘ಸಾರ್, ನಿಮಗೂ ಒಂದಷ್ಟು ಇಟ್ಟಿದ್ದೀನಿ’ ಎಂದು ಕವರ್ ಕೊಡುತ್ತಾರೆ. ತೆಗೆದುಕೊಂಡರೆ ಅದು ಕೊಟ್ಟವರ ಹಣ, ನೋಟ್‌ಬುಕ್ಕಿಗೆ ಬರೆಯಬೇಕು. ಗುಟ್ಟಾಗಿ ಇಟ್ಟುಕೊಂಡಿರಾದರೆ, 220ನೇ ಸೆಕ್ಷನ್ ಪ್ರಕಾರ ಆ ಕೆಲಸಕ್ಕೆ ನಿಮಗೆ ನ್ಯಾಯವಾಗಿ ಸಿಗಬೇಕಿದ್ದ ಸಂಭಾವನೆಯೂ ಹೋಗಬಹುದು.

ಆಸ್ತಿ ನಿಮಗೇ ಬೇಕಾ? ತಪ್ಪಿಲ್ಲ. ದಾರಿ ಇದೆ. ‘ನನಗೆ ಕೊಳ್ಳುವ ಆಸೆ ಇದೆ, ಪಕ್ಕದ ಸೈಟು ಇಷ್ಟಕ್ಕೆ ಹೋಗಿದೆ, ಮುಂದೆ ರಸ್ತೆ ಬರುವ ಮಾತಿದೆ’ ಎಂದು ಗೊತ್ತಿರುವುದನ್ನೆಲ್ಲ ಬರೆದು ತಿಳಿಸಿ. ಬೆಲೆಯನ್ನು ಹೊರಗಿನ ಇಬ್ಬರಿಂದ ಕೇಳಿಸಿ. ಕೊಟ್ಟವರೇ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ, ಅಥವಾ ಆ ಒಂದು ಕೆಲಸಕ್ಕೆ ಬೇರೆಯವರಿಗೆ ಎಸ್‌ಪಿಎ ಕೊಡಲಿ. ಮಾರುವವರ ಜಾಗದಲ್ಲೂ ಕೊಳ್ಳುವವರ ಜಾಗದಲ್ಲೂ ನಿಮ್ಮ ಸಹಿಯೇ ಇರುವ ಪತ್ರ ಮುಂದೆ ನಿಮ್ಮ ಮಕ್ಕಳಿಗೂ ತಲೆನೋವು.

6. ಸಹಿ ಹಾಕುವ ದಿನ

ಸಹಿ ಯಾವಾಗಲೂ ‘ಇಂಥವರ ಪರವಾಗಿ, ಅವರ ಜಿಪಿಎ ಹೋಲ್ಡರ್’ ಎಂದೇ ಇರಲಿ. ಯಾರ ಪರವಾಗಿ ಎಂದು ಹೇಳದೆ ಬರೀ ನಿಮ್ಮ ಹೆಸರಲ್ಲಿ ಕರಾರು ಮಾಡಿಕೊಂಡರೆ, 230ನೇ ಸೆಕ್ಷನ್ ಪ್ರಕಾರ ನೀವೇ ಅದಕ್ಕೆ ಹೊಣೆ ಎಂದು ಊಹಿಸಲು ದಾರಿಯಾಗುತ್ತದೆ. ಪ್ಲಂಬರ್, ಕಂಟ್ರಾಕ್ಟರ್ ಜೊತೆಗಿನ ಸಣ್ಣ ಕರಾರಿನಲ್ಲೂ ಇದನ್ನು ಮರೆಯಬೇಡಿ.

ಮಾರಾಟವಾದರೆ ಆ ದಿನ ಬೆಳಗ್ಗೆ ಕೊಟ್ಟವರಿಗೆ ಫೋನ್ ಮಾಡಿ, ಸಾಧ್ಯವಾದರೆ ವಿಡಿಯೋ ಕಾಲ್. ಅವರು ಇದ್ದಾರೆ, ಮನಸ್ಸು ಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮುಂಗಡವನ್ನು ನಗದಾಗಿ ತೆಗೆದುಕೊಳ್ಳಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ಪಡೆದಷ್ಟೇ ದಂಡ ಬೀಳಬಹುದು. ಕೊಟ್ಟವರು ಅನಿವಾಸಿಯಾಗಿದ್ದರೆ ಕೊಳ್ಳುವವರು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕಾಗುತ್ತದೆ. ಇದನ್ನು ಮುಂಚೆಯೇ ಆಡಿಟರ್ ಹತ್ತಿರ ಮಾತಾಡಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂತು ಲೆಕ್ಕ ಹಾಕುವ ವಿಷಯವಲ್ಲ.

‘ಜಿಪಿಎ ಮೇಲೆ ಸೈಟು ತಗೊಂಡೆ, ಈಗ ನಾನೇ ಓನರ್ ಅಲ್ವಾ?’ ಎಂದು ಕೇಳುವವರಿಗೆ: ಅಲ್ಲ. 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಜಿಪಿಎಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ, ‘ರದ್ದು ಮಾಡಲಾಗದ ಜಿಪಿಎ’ ಎಂದು ಬರೆದಿದ್ದರೂ ಅಷ್ಟೇ. ನೋಂದಣಿಯಾದ ಕ್ರಯಪತ್ರವೇ ಬೇಕು. ಆ ಕ್ರಯಪತ್ರಕ್ಕೆ ಮಾಲೀಕರ ಪರವಾಗಿ ಜಿಪಿಎ ಹೋಲ್ಡರ್ ಸಹಿ ಹಾಕಬಹುದು, ಅದನ್ನು ಕೋರ್ಟ್ ತಡೆದಿಲ್ಲ.

7. ಗೊತ್ತಾಗದಿದ್ದರೆ ಕೇಳಿ, ಬೇರೆಯವರಿಗೆ ದಾಟಿಸಬೇಡಿ

ಕಷ್ಟ ಬಂದಾಗ ಕೊಟ್ಟವರನ್ನು ಸಂಪರ್ಕಿಸಿ ಅವರ ಸೂಚನೆ ಪಡೆಯಲು ಪೂರ್ತಿ ಪ್ರಯತ್ನ ಮಾಡಬೇಕು (214). ರಾತ್ರಿ ಮಳೆಗೆ ಛಾವಣಿ ಕುಸಿದಿದೆ, ಅವರ ಫೋನ್ ಸಿಗುತ್ತಿಲ್ಲ. ಆಗ? ನಿಮ್ಮದೇ ಮನೆಯಾಗಿದ್ದರೆ ಏನು ಮಾಡುತ್ತಿದ್ದಿರೋ ಅದನ್ನು ಮಾಡಿ, 189ನೇ ಸೆಕ್ಷನ್ ನಿಮ್ಮ ಜೊತೆಗಿದೆ. ಫೋಟೋ ತೆಗೆಯಿರಿ, ಕರೆ ಮಾಡಿದ ಹೊತ್ತು ಬರೆದಿಡಿ.

ಪತ್ರ ಕೊಟ್ಟಿರುವುದು ನಿಮಗೆ, ನಿಮ್ಮ ಮಗನಿಗಲ್ಲ. ಕಂದಾಯ ಕಟ್ಟಿಬರಲು ಮಗನನ್ನು ಕಳಿಸಬಹುದು. ಬಾಡಿಗೆದಾರರನ್ನು ಆರಿಸುವುದು, ಬೆಲೆ ಮಾತಾಡುವುದು, ಸಹಿ ಹಾಕುವುದು ನಿಮ್ಮದೇ ಕೆಲಸ. ಬೇರೆಯವರನ್ನು ನೇಮಿಸಬಹುದು ಎಂದು ಪತ್ರದಲ್ಲಿ ಇದ್ದರೆ ಮಾತು ಬೇರೆ.

ಕೇಸ್ ನಡೆದರೆ ಒಂದು ಮಿತಿ ಗೊತ್ತಿರಲಿ. ಕೊಟ್ಟವರ ಪರವಾಗಿ ನೀವು ಕೋರ್ಟಿಗೆ ಹಾಜರಾಗಬಹುದು. ಆದರೆ ಸಾಕ್ಷಿ ಹೇಳುವಾಗ ನೀವೇ ಮಾಡಿದ ಕೆಲಸಗಳ ಬಗ್ಗೆ ಮಾತ್ರ ಹೇಳಬಹುದು. ಕೊಟ್ಟವರಿಗೆ ಮಾತ್ರ ಗೊತ್ತಿರುವ ವಿಷಯವನ್ನು ಅವರ ಬದಲು ನೀವು ಹೇಳಲು ಆಗುವುದಿಲ್ಲ. ಇದು 2005ರಿಂದ ವರದಿಯಲ್ಲಿರುವ ಸುಪ್ರೀಂ ಕೋರ್ಟ್ ತೀರ್ಪು. ಎಷ್ಟೋ ಒಳ್ಳೆಯ ಕೇಸುಗಳು ಮಾಲೀಕರು ಕಟಕಟೆಗೆ ಬರದೆ ದುರ್ಬಲವಾಗುತ್ತವೆ.

8. ಪತ್ರ ಯಾವಾಗ ಸತ್ತುಹೋಗುತ್ತದೆ?

ಕೊಟ್ಟವರು ರದ್ದು ಮಾಡಿದಾಗ. ನೀವೇ ಬಿಟ್ಟುಕೊಟ್ಟಾಗ. ಕೆಲಸ ಮುಗಿದಾಗ. ಇಬ್ಬರಲ್ಲಿ ಯಾರೇ ತೀರಿಕೊಂಡಾಗ ಅಥವಾ ಬುದ್ಧಿ ಸ್ವಾಧೀನ ಕಳೆದುಕೊಂಡಾಗ. ಕೊಟ್ಟವರು ದಿವಾಳಿಯಾದಾಗ. ಇದು 201ನೇ ಸೆಕ್ಷನ್. ಆ ಆಸ್ತಿಯಲ್ಲಿ ಪಡೆದವರಿಗೇ ಸ್ವಂತ ಹಕ್ಕು ಅಥವಾ ಬಾಕಿ ಇರುವ ಕೆಲವು ಪ್ರಸಂಗಗಳಿಗೆ 202ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಮನೆಮಂದಿಯ ನಡುವಿನ ಸಾಮಾನ್ಯ ಜಿಪಿಎಗೆ ಅದು ಅನ್ವಯಿಸುವುದಿಲ್ಲ.

ಅತಿ ದೊಡ್ಡ ತಪ್ಪು ನಡೆಯುವುದು ಸಾವಿನ ಮರುದಿನ. ‘ತಿಥಿ ಖರ್ಚಿಗೆ ಬೇಕಲ್ಲ’ ಎಂದು ಅಪ್ಪನ ಎಟಿಎಂ ಕಾರ್ಡಿನಿಂದ ಹಣ ತೆಗೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅಧಿಕಾರ ಅಲ್ಲಿಗೆ ಮುಗಿದಿದೆ, ಆ ಹಣ ಈಗ ಎಲ್ಲ ವಾರಸುದಾರರದ್ದು. ನಿಮ್ಮ ಕೈಯಿಂದ ಖರ್ಚು ಮಾಡಿ, ಬರೆದಿಡಿ, ಆಮೇಲೆ ಎಲ್ಲರ ಮುಂದೆ ಲೆಕ್ಕ ಇಡಿ. ಆಗ ನಿಮಗೆ ಉಳಿಯುವುದು ಒಂದೇ ಕರ್ತವ್ಯ, 209ನೇ ಸೆಕ್ಷನ್‌ನದು: ವಾರಸುದಾರರು ಬಂದು ವಹಿಸಿಕೊಳ್ಳುವವರೆಗೆ ಆಸ್ತಿಯನ್ನು ಕಾಪಾಡುವುದು. ಮನೆಗೆ ಬೀಗ ಹಾಕಿ, ಕರೆಂಟ್ ಬಿಲ್ ಕಟ್ಟಿ, ಕೇಸ್ ಇದ್ದರೆ ವಕೀಲರಿಗೆ ತಿಳಿಸಿ. ಮಾರಬೇಡಿ, ಹೊಸದಾಗಿ ಬಾಡಿಗೆಗೆ ಕೊಡಬೇಡಿ.

ಮರೆವಿನ ಕಾಯಿಲೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಇಂಗ್ಲೆಂಡಿನಂಥ ದೇಶಗಳಲ್ಲಿ ಬುದ್ಧಿ ಸ್ವಾಧೀನ ಹೋದ ಮೇಲೂ ನಡೆಯುವ ಅಧಿಕಾರ ಪತ್ರಕ್ಕೆ ಕಾನೂನಿದೆ. ನಮ್ಮ ಕರಾರು ಕಾಯ್ದೆಯಲ್ಲಿ ಅಂಥದ್ದಿಲ್ಲ. ಪತ್ರ ಬಹಳ ಬೇಕಾಗುವ ಹೊತ್ತಿಗೇ ಅದು ನಿಂತುಹೋಗುತ್ತದೆ. ಇದು ತುಂಬ ಕುಟುಂಬಗಳಿಗೆ ಆಸ್ಪತ್ರೆಯಲ್ಲಿ ಕೂತಾಗ ಗೊತ್ತಾಗುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹೆಸರು ಮರೆಯುತ್ತಾರೆ, ಕನ್ನಡಕ ಎಲ್ಲೋ ಇಡುತ್ತಾರೆ ಎಂದ ಮಾತ್ರಕ್ಕೆ ಪತ್ರ ಸಾಯುವುದಿಲ್ಲ. ತಾನು ಏನಕ್ಕೆ ಒಪ್ಪುತ್ತಿದ್ದೇನೆ, ಅದರಿಂದ ತನಗೆ ಏನಾಗುತ್ತದೆ ಎಂದು ತೂಗಿನೋಡುವ ಶಕ್ತಿ ಇದೆಯಾ ಎಂಬುದು ಪ್ರಶ್ನೆ. ಅನುಮಾನ ಬಂದರೆ ವೈದ್ಯರ ಅಭಿಪ್ರಾಯ ಬರಹದಲ್ಲಿ ಪಡೆಯಿರಿ. ಶಕ್ತಿ ಇಲ್ಲ ಎಂದಾದರೆ ಪತ್ರ ಬಳಸುವುದನ್ನು ನಿಲ್ಲಿಸಿ ವಕೀಲರನ್ನು ಕಾಣಿ. ಕೋಮಾದಲ್ಲಿರುವಂಥವರ ವಿಷಯದಲ್ಲಿ ಹೈಕೋರ್ಟುಗಳು ಮನೆಯವರನ್ನು ಪಾಲಕರನ್ನಾಗಿ ನೇಮಿಸಿವೆ. ಅಮ್ಮ ಅಪ್ಪ ಈಗ ಚೆನ್ನಾಗಿದ್ದರೆ, ಈಗಲೇ ಅವರ ಇಷ್ಟ ಕೇಳಿ ಜಂಟಿ ಖಾತೆ, ನಾಮಿನೇಷನ್, ಉಯಿಲು ಮಾಡಿಸಿಡಿ.

ರದ್ದು ಮಾಡಿದ ನೋಟಿಸ್ ಬಂದರೆ ಆ ಕ್ಷಣದಿಂದ ಏನಕ್ಕೂ ಸಹಿ ಹಾಕಬೇಡಿ. ನೀವೇ ಬಿಡುವುದಾದರೆ ಮುಂಚಿತವಾಗಿ ಬರೆದು ತಿಳಿಸಿ. ಇದ್ದಕ್ಕಿದ್ದಂತೆ ಕೈಬಿಟ್ಟು ನಷ್ಟವಾದರೆ 206ನೇ ಸೆಕ್ಷನ್ ಪ್ರಕಾರ ತುಂಬಿಕೊಡಬೇಕಾಗುತ್ತದೆ.

ತಪ್ಪಾದರೆ ಏನಾಗುತ್ತದೆ

ಲೆಕ್ಕಕ್ಕಾಗಿ, ನಷ್ಟಕ್ಕಾಗಿ ಸಿವಿಲ್ ದಾವಾ ಹಾಕಬಹುದು. ಇದಕ್ಕೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಚಿಕ್ಕಪ್ಪನಿಂದ ಲೆಕ್ಕ ಕೇಳಬೇಕೆಂದಿದ್ದ ಓದುಗರು ಇದನ್ನು ಗಮನಿಸಿ. ಅಪ್ಪ ಇದ್ದರೆ ಕೇಳಬೇಕಾದವರು ಅವರೇ. ಬರಹದಲ್ಲಿ ಕೇಳಿಸಿ, ತಡ ಮಾಡಬೇಡಿ. ಅಪ್ಪ ಇಲ್ಲದಿದ್ದರೆ ವಾರಸುದಾರರಾಗಿ ನೀವು ಕೇಳಬಹುದು.

ನಂಬಿ ಕೊಟ್ಟಿದ್ದನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಇದಕ್ಕೆ 5 ವರ್ಷದವರೆಗೆ ಜೈಲು ಶಿಕ್ಷೆ ಹೇಳುತ್ತದೆ. ಏಜೆಂಟ್ ಕೆಲಸವನ್ನೇ ವೃತ್ತಿಯಾಗಿ ಮಾಡುವವರಿಗೆ ಇನ್ನೂ ಕಠಿಣ, 10 ವರ್ಷ ಅಥವಾ ಜೀವಾವಧಿಯವರೆಗೂ ಹೋಗಬಹುದು.

ಹಾಗೆಂದು ಹೆದರಬೇಡಿ. ಕಾನೂನು ನಿಮ್ಮನ್ನೂ ಕಾಯುತ್ತದೆ. ಅಧಿಕಾರದ ಒಳಗೆ ಕಾನೂನಿನಂತೆ ಮಾಡಿದ ಕೆಲಸದಿಂದ ನಿಮಗೆ ಖರ್ಚು, ನಷ್ಟ ಬಂದರೆ ಅದನ್ನು ಕೊಟ್ಟವರು ತುಂಬಿಕೊಡಬೇಕು (222).

ಜಿಪಿಎ ಇಲ್ಲದವರಿಗೂ ಒಂದು ಮಾತು

ವಿಮೆಯ ನಾಮಿನಿ ಸಾಮಾನ್ಯವಾಗಿ ಹಣ ಪಡೆಯುವ ಕೈ ಮಾತ್ರ ಎಂದು 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2015ರ ತಿದ್ದುಪಡಿಯಿಂದ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ನಾಮಿನಿಯಾದರೆ ವಿಮೆಯಲ್ಲಿ ಬೇರೆ ನಿಯಮ ಬಂದಿದೆ. ಷೇರುಗಳ ನಾಮಿನಿ ಮಾಲೀಕರಲ್ಲ ಎಂದು 2023ರ ಡಿಸೆಂಬರ್‌ನಲ್ಲಿ ಮತ್ತೆ ತೀರ್ಪು ಬಂತು. ಅಪ್ರಾಪ್ತ ಮಗುವಿನ ಹೆಸರಿನ ಸ್ಥಿರಾಸ್ತಿಯನ್ನು ತಂದೆಯೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ, 1956ರ ಹಿಂದೂ ಅಪ್ರಾಪ್ತರ ಪಾಲನೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ. ಉಯಿಲಿನ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿ ಮಾಡುವವರು, ಪ್ರೊಬೇಟ್ ಸಿಕ್ಕ 6 ತಿಂಗಳೊಳಗೆ ಆಸ್ತಿಯ ಪಟ್ಟಿ ಮತ್ತು 1 ವರ್ಷದೊಳಗೆ ಲೆಕ್ಕ ಕೋರ್ಟಿಗೆ ಕೊಡಬೇಕು. ಪ್ರೊಬೇಟ್ ಅಂದರೆ ಉಯಿಲು ಸರಿಯಾದದ್ದೆಂದು ಕೋರ್ಟ್ ಕೊಡುವ ಪ್ರಮಾಣಪತ್ರ. ಇವರೆಲ್ಲರಿಗೂ ನಾಲ್ಕನೇ ಹಂತದ ನೋಟ್‌ಬುಕ್ ಬೇಕೇ ಬೇಕು.

9. ವಹಿಸಿಕೊಡುವ ದಿನ

ಕೆಲಸ ಮುಗಿಯಿತು ಎಂದು ಬರೀ ಬಾಯಿಮಾತಲ್ಲಿ ಬಿಡಬೇಡಿ. ಒಂದು ದಿನ ಗೊತ್ತು ಮಾಡಿ ಕೂತುಕೊಳ್ಳಿ. ಬೀಗದ ಕೈಗಳು, ಕ್ರಯಪತ್ರ, ಕಂದಾಯ ರಸೀದಿ, ಬಾಡಿಗೆ ಕರಾರು, ಪಾಸ್‌ಬುಕ್ ಎಲ್ಲದರ ಪಟ್ಟಿ ಮಾಡಿ ಒಂದೊಂದಾಗಿ ಕೈಗೆ ಕೊಡಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹೀಗೆ ಬರೆಸಿಕೊಳ್ಳಿ: ‘ಇಂಥ ದಿನದಿಂದ ಇಂಥ ದಿನದವರೆಗಿನ ಲೆಕ್ಕ ನೋಡಿದ್ದೇನೆ, ದಾಖಲೆಗಳನ್ನೂ ಬಾಕಿ ಹಣವನ್ನೂ ಪಡೆದಿದ್ದೇನೆ, ಲೆಕ್ಕ ಚುಕ್ತಾ ಆಗಿದೆ.’ ದಿನಾಂಕ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಜಿಪಿಎ ಮೂಲ ಪ್ರತಿಯನ್ನು ವಾಪಸ್ ಕೊಡಿ. ಪತ್ರ ನೋಂದಣಿಯಾಗಿದ್ದರೆ ರದ್ದತಿ ಪತ್ರವನ್ನೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲು ಹೇಳಿ, ಅದರ ಒಂದು ಪ್ರತಿ ತೆಗೆದುಕೊಳ್ಳಿ. ಬ್ಯಾಂಕಿಗೂ ಬಾಡಿಗೆದಾರರಿಗೂ ‘ಇನ್ನು ಮುಂದೆ ನಾನು ಈ ವ್ಯವಹಾರ ನೋಡುವುದಿಲ್ಲ’ ಎಂದು ಅದೇ ದಿನ ಬರೆದು ತಿಳಿಸಿ. ನೋಟ್‌ಬುಕ್ಕಿನ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.